ಹೊಸ ಬಗೆಯ ಸಿನಿಮಾ ನೋಡಲು ಮನೆಮಂದಿಯನ್ನು ಹೇಗೆ ಕೂಡಿಸುವುದು? ಅನುಭವವಿದ್ದವರು ತಿಳಿಸಿ

ಗದಗದಿಂದ, ಬ್ಯಾಂಕ್ ಉದ್ಯೋಗಿ

ಎಲ್ಲರಿಗೂ ನಮಸ್ಕಾರ. ಕಥೆಯನ್ನು ತಮ್ಮದೇ ದಾರಿಯಲ್ಲಿ ಕಟ್ಟುವ ನಿರ್ದೇಶಕರ ಸಿನಿಮಾಗಳೆಂದರೆ ನನಗೆ ಮೊದಲಿನಿಂದಲೂ ಹುಚ್ಚು. 2013ರಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ, ನಿದ್ದೆಯೇ ಬಾರದ ಹುಡುಗನೊಬ್ಬನ ಬದುಕು ಬಣ್ಣದಲ್ಲಿಯೂ, ಹೆಸರಾಂತ ನಟನೊಬ್ಬನ ಬದುಕು ಕಪ್ಪು-ಬಿಳುಪಿನಲ್ಲಿಯೂ ಒಂದರೊಳಗೊಂದು ಹೆಣೆದುಕೊಂಡು ಸಾಗುವುದನ್ನು ನೋಡಿ ಬಂದ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಆ ಚಿತ್ರಕ್ಕೆ ಪ್ರೇಕ್ಷಕರೇ ಹಣ ಕೂಡಿಸಿಕೊಟ್ಟಿದ್ದರು ಎಂಬುದು ತಿಳಿದ ಮೇಲಂತೂ ಇಂಥ ಚಿತ್ರಗಳೆಲ್ಲ ನನ್ನವೇ ಎನ್ನಿಸತೊಡಗಿತು.

ಇಷ್ಟು ವರ್ಷ ಒಬ್ಬಳೇ ನೋಡುತ್ತ ಬಂದೆ. ಈಗ ತಿಂಗಳಿಗೊಮ್ಮೆ ಅವ್ವ, ಚಿಕ್ಕವ್ವ, ತಮ್ಮ ಮತ್ತು ಪಕ್ಕದ ಮನೆಯ ಇಬ್ಬರನ್ನು ಕೂಡಿಸಿಕೊಂಡು ನೋಡಬೇಕೆಂದು ಆಸೆಪಟ್ಟು, ಮೊದಲ ಸಲವೇ ಎಡವಿದ್ದೇನೆ. ರವಿವಾರ ಮಧ್ಯಾಹ್ನ ಟಿವಿಯಲ್ಲಿ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ ಹಾಕಿದೆ. ಮಲ್ಪೆಯಲ್ಲಿ ನಡೆದ ಒಂದೇ ಘಟನೆಯನ್ನು ಬೇರೆ ಬೇರೆಯವರ ಕಣ್ಣಿನಿಂದ ತೋರಿಸುತ್ತ ಹೋಗುವ ಚಿತ್ರವದು. ಇಪ್ಪತ್ತನೆಯ ನಿಮಿಷಕ್ಕೆ ಚಿಕ್ಕವ್ವ ಶೇಂಗಾದ ಬುಟ್ಟಿ ತಂದಿಟ್ಟುಕೊಂಡು ಸುಲಿಯತೊಡಗಿದಳು. ಅವ್ವ ಕೊನೆಯವರೆಗೂ ಕಣ್ಣು ಮಿಟುಕಿಸದೆ ಕುಳಿತಿದ್ದಳು, ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಪರದೆ ಕಪ್ಪಾದ ಕೂಡಲೇ ಆಕೆ ಕೇಳಿದ್ದು ಒಂದೇ ಮಾತು: “ಮುಗೀತೇನ, ಇಲ್ಲಾ ಕರೆಂಟ್ ಹೋತೇನ?”

ಯಾವ ಚಿತ್ರದಿಂದ ಆರಂಭಿಸಬೇಕು? ಥಿಯೇಟರಿಗೆ ಕರೆದೊಯ್ಯಬೇಕೇ, ಮನೆಯಲ್ಲಿಯೇ ತೋರಿಸಬೇಕೇ? ಕಥೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದೇ? ನೀವು ಮಾಡಿ ನೋಡಿದ್ದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಧಾರವಾಡದಿಂದ, ನಿವೃತ್ತ ಹೈಸ್ಕೂಲ್ ಶಿಕ್ಷಕ

ತಂಗೀ, ನಿಮ್ಮ ಅವ್ವನವರ ಪ್ರಶ್ನೆಯನ್ನು ಓದಿ ಮನಸಾರೆ ನಕ್ಕೆ. 1998ರಲ್ಲಿ ಉಪೇಂದ್ರ ಅವರ ‘ಎ’ ನೋಡಿ ಹೊರಬಂದಾಗ ನಾನೂ ನನ್ನ ಗೆಳೆಯರೂ ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿದ್ದೆವು. ಕಥೆಯನ್ನು ಹಿಂದುಮುಂದಾಗಿ ಜೋಡಿಸಿದ್ದ ಆ ಚಿತ್ರದ ಬಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ವಾರ ವಾದ ನಡೆದು, ಯಾವುದು ಮೊದಲು ಯಾವುದು ನಂತರ ಎಂಬುದು ಕಡೆಗೂ ತೀರ್ಮಾನವಾಗದೆ, ಮೂವರು ಸೇರಿ ಮರುವಾರ ಮತ್ತೆ ಟಿಕೆಟ್ ತೆಗೆಸಿದೆವು. ಆಗಿನ ಟಿಕೆಟ್ ದರದಲ್ಲಿ ಎರಡನೆಯ ಸಲ ನೋಡುವುದು ಮೇಷ್ಟ್ರ ಸಂಬಳಕ್ಕೂ ಭಾರವಾಗಿರಲಿಲ್ಲ. ಈಗ ಮನೆಮಂದಿಯೆಲ್ಲ ಮಲ್ಟಿಪ್ಲೆಕ್ಸಿಗೆ ಹೋಗಿಬಂದರೆ ವಾರದ ಕಾಯಿಪಲ್ಲೆಯ ದುಡ್ಡು ಹೋದಂತೆ. ಆದ್ದರಿಂದ ಜನ ಮೊದಲ ಸಲವೇ ಎಲ್ಲವೂ ತಿಳಿಯಬೇಕೆಂದು ಬಯಸಿದರೆ ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ.

ನಾನು ಗಮನಿಸಿದ ಇನ್ನೊಂದು ಸಂಗತಿಯೆಂದರೆ, ನಮ್ಮ ಭಾಗದ ಹಿರಿಯರು ಸಿನಿಮಾ ನೋಡುವುದನ್ನು ಕಲಿತದ್ದು ಕಂಪನಿ ನಾಟಕದ ಜಾತ್ರೆ ಕ್ಯಾಂಪುಗಳಲ್ಲಿ. ಅಲ್ಲಿ ಕಥೆಯೆಲ್ಲ ಮಾತಿನಲ್ಲಿ ಮತ್ತು ಪದದಲ್ಲಿ ಇರುತ್ತದೆ. ಕಣ್ಣು ಅತ್ತಿತ್ತ ಹೋದರೂ ಕಿವಿ ಕಥೆಯನ್ನು ಹಿಡಿದುಕೊಳ್ಳುತ್ತದೆ. ಈಗಿನ ಹುಡುಗರು ಮಾತನ್ನು ಕಡಿಮೆ ಮಾಡಿ, ಪಾತ್ರ ಎಲ್ಲಿ ನಿಂತಿದೆ, ಯಾರು ಯಾರ ಕಡೆ ನೋಡಲಿಲ್ಲ ಎಂಬುದರಲ್ಲಿ ಕಥೆ ಇಡುತ್ತಾರೆ. ನನ್ನ ಹೆಂಡತಿ ಇಂಥ ದೃಶ್ಯ ಬಂದಾಗಲೆಲ್ಲ “ಬರೇ ನೋಡಿಕೋತ ಕುಂತಾರಲ್ಲ, ಮಾತಾಡ್ರೀ” ಎಂದು ಟಿವಿಗೇ ಹೇಳುತ್ತಿದ್ದಳು. ಶೇಂಗಾ ಸುಲಿಯುತ್ತ ನೋಡುವ ಚಿತ್ರ ಬೇರೆ, ಕೈಕಟ್ಟಿ ನೋಡುವ ಚಿತ್ರ ಬೇರೆ. ಇದನ್ನು ಮೊದಲೇ ಹೇಳಿಬಿಡಿ, ಕಥೆಯನ್ನು ಮಾತ್ರ ಹೇಳಬೇಡಿ.

ಆರಂಭಕ್ಕೆ ನಾನು ಸೂಚಿಸುವುದು ರಾಮ್ ರೆಡ್ಡಿಯವರ ‘ತಿಥಿ’. ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಂಡು, ಹನ್ನೊಂದನೆಯ ದಿನದ ತಿಥಿ ಆಗುವುದರೊಳಗೆ ಮಗ, ಮೊಮ್ಮಗ, ಮರಿಮಗ ಮೂವರೂ ತಮ್ಮ ತಮ್ಮ ದಾರಿ ಹಿಡಿಯುವ ಕಥೆ. ನಟರೆಲ್ಲ ಮಂಡ್ಯದ ಕಡೆಯ ಊರಿನವರೇ, ಕ್ಯಾಮೆರಾದ ಮುಂದೆ ಮೊದಲು ನಿಂತವರಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ‘ಫಿಲ್ಮ್‌ಮೇಕರ್ಸ್ ಆಫ್ ದ ಪ್ರೆಸೆಂಟ್’ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಪಡೆದ ಚಿತ್ರವೆಂದು ಮೊದಲೇ ಹೇಳಿದರೆ ಮನೆಯವರು ಹೆದರಿಯಾರು, ಅದನ್ನು ಬಾಯಿಬಿಡಬೇಡಿ. ಮಂಡ್ಯದ ಮಾತು ನಮ್ಮವರ ಕಿವಿಗೆ ಹೊಂದಲು ಹತ್ತು ನಿಮಿಷ ಬೇಕು. ಆಮೇಲೆ ಸೆಂಚುರಿ ಗೌಡನ ಮಗ ಗಡ್ಡಪ್ಪ ತಾನೇ ನೋಡಿಕೊಳ್ಳುತ್ತಾನೆ.

ಹುಬ್ಬಳ್ಳಿಯಿಂದ, ದುರ್ಗದ ಬೈಲಿನಲ್ಲಿ ಬಟ್ಟೆ ಅಂಗಡಿ

ಮೇಡಮ್, ಥಿಯೇಟರಿಗೇ ಹೋಗುವುದಾದರೆ ವ್ಯವಹಾರದ ಮಾತು ಹೇಳುತ್ತೇನೆ. ಹೊಸ ವಾರದ ಆಟಗಳು ಬುಕಿಂಗ್ ಆ್ಯಪಿನಲ್ಲಿ ಬುಧವಾರ-ಗುರುವಾರದ ಹೊತ್ತಿಗೆ ಕಾಣಿಸಿಕೊಳ್ಳುತ್ತವೆ. ದೊಡ್ಡ ಹೆಸರಿಲ್ಲದ ಚಿತ್ರಕ್ಕೆ ಹುಬ್ಬಳ್ಳಿಯಲ್ಲಿ ಸಿಗುವುದು ಹೆಚ್ಚೆಂದರೆ ಒಂದೋ ಎರಡೋ ಆಟ, ಅವೂ ಬೆಳಗಿನ ಹತ್ತಕ್ಕೆ ಇಲ್ಲವೇ ರಾತ್ರಿ ಹತ್ತಕ್ಕೆ. ಶುಕ್ರವಾರದಿಂದ ರವಿವಾರದವರೆಗಿನ ಗಳಿಕೆ ನೋಡಿಕೊಂಡು ಸೋಮವಾರದಿಂದ ಆಟ ಕಡಿಮೆ ಮಾಡುತ್ತಾರೆ ಇಲ್ಲವೇ ಹೆಚ್ಚಿಸುತ್ತಾರೆ. “ಚೆನ್ನಾಗಿದೆಯಂತೆ, ಮುಂದಿನ ವಾರ ನೋಡೋಣ” ಎಂದು ಕಾಯ್ದು ನಾನು ಕಳೆದುಕೊಂಡ ಚಿತ್ರಗಳಿಗೆ ಲೆಕ್ಕವಿಲ್ಲ.

ಒಮ್ಮೆ ಒಂದು ಚಿತ್ರಮಂದಿರದಲ್ಲಿ ನಾವು ಆರು ಮಂದಿಯೇ ಇದ್ದೆವು. ಹತ್ತು ಮಂದಿಯಾದರೂ ಇಲ್ಲದೆ ಆಟ ಹಚ್ಚುವುದಿಲ್ಲವೆಂದು ಗೇಟಿನಲ್ಲಿದ್ದವರು ಹೇಳಿದಾಗ, ನನ್ನ ಜೊತೆಗಿದ್ದ ಷಡ್ಡಕ ಇನ್ನೂ ನಾಲ್ಕು ಟಿಕೆಟ್ ತೆಗೆಸುತ್ತೇನೆಂದು ಪಟ್ಟುಹಿಡಿದು ನಿಂತ. ಟಿಕೆಟ್ ಅಲ್ಲ, ಮಂದಿ ಬೇಕು ಎಂದರು! ದುಡ್ಡು ವಾಪಸು ಸಿಕ್ಕಿತು, ಸಿನಿಮಾ ಸಿಗಲಿಲ್ಲ. ನಿಮ್ಮ ಆರು ಮಂದಿಯ ಜೊತೆಗೆ ಇನ್ನೂ ಐದಾರು ಜನರನ್ನು ಗಂಟು ಹಾಕಿಕೊಳ್ಳಿ ಎಂದು ಹೇಳುವುದು ಅದಕ್ಕಾಗಿಯೇ.

ಇದಕ್ಕೆ ತದ್ವಿರುದ್ಧವಾದದ್ದನ್ನೂ ಕಂಡಿದ್ದೇನೆ. 2025ರ ಜುಲೈನಲ್ಲಿ ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ ಬಂದಾಗ ಮೊದಲ ದಿನ ಅದರ ಹೆಸರು ನನ್ನ ಗಿರಾಕಿಗಳ ಬಾಯಲ್ಲಿ ತಿರುಗುತ್ತಲೇ ಇರಲಿಲ್ಲ. ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ದೆವ್ವ ಬಂದಿದೆಯೆಂದು ಊರಿಗೆ ಊರೇ ನಂಬುವ ಕಥೆಯದು. ರವಿವಾರದ ಹೊತ್ತಿಗೆ ಬಾಯಿಂದ ಬಾಯಿಗೆ ಹರಡಿ, ಅಂಗಡಿಗೆ ಸೀರೆ ಕೊಳ್ಳಲು ಬಂದವರೂ ಅದನ್ನೇ ಕೇಳುತ್ತಿದ್ದರು. ಕರಾವಳಿಯ ಮಾತು ತಿಳಿಯುವುದಿಲ್ಲವೆಂದು ಒಬ್ಬರೂ ದೂರಲಿಲ್ಲ, ಏಕೆಂದರೆ ನಗು ಮುಂದೆ ಓಡುತ್ತಿತ್ತು. ನಿಮ್ಮ ಮನೆಯಲ್ಲಿ ‘ಉಳಿದವರು ಕಂಡಂತೆ’ ಸೋತದ್ದು ಭಾಷೆಯಿಂದಲ್ಲ ಎಂದು ನನಗೆ ಅನ್ನಿಸುತ್ತದೆ. ಊಟವಾದ ಮೇಲಿನ ಹೊತ್ತು, ಮನೆಯ ಟಿವಿ, ಎದ್ದು ಹೋಗಲು ತೆರೆದ ಬಾಗಿಲು. ರಾತ್ರಿ ಆಟಕ್ಕೆ ಬಂದರೆ ಗದಗಕ್ಕೆ ಹಿಂದಿರುಗುವ ದಾರಿಯನ್ನು ಮೊದಲೇ ನೋಡಿಕೊಳ್ಳಿ. ಧಾರವಾಡದವರಿಗಾದರೆ ಚಿಗರಿ ಬಸ್ಸಾದರೂ ಇದೆ, ನಿಮ್ಮದು 60 ಕಿಲೋಮೀಟರಿನ ಹಾದಿ.

ಹಾವೇರಿ ಜಿಲ್ಲೆಯಿಂದ, ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ

ಅಕ್ಕಾ, ನಿಮ್ಮ ಪ್ರಶ್ನೆಗೆ ನನ್ನ ಬಳಿ ಒಂದೇ ಒಂದು ಅನುಭವವಿದೆ, ಆದರೆ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಚಿತ್ರ 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದು, ನಮ್ಮಲ್ಲಿ 2024ರ ಜೂನ್ ತಿಂಗಳಲ್ಲಿ ಬಿಡುಗಡೆಯಾಯಿತು. ಕಥೆ ನಡೆಯುವುದು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ನಟಿಸಿದವರಲ್ಲಿ ಬಹಳ ಮಂದಿ ಅಲ್ಲಿಯವರೇ. ಶಿವಮ್ಮ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು; ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು; ಬೇಗ ದುಡ್ಡಾಗುತ್ತದೆಂದು ನಂಬಿ, ಚೈನ್ ಪದ್ಧತಿಯಲ್ಲಿ ಮಾರುವ ಶಕ್ತಿಯ ಪೇಯವೊಂದಕ್ಕೆ ಕೂಡಿಟ್ಟ ಹಣ ಹಾಕುತ್ತಾಳೆ. ಇಷ್ಟನ್ನು ಓದಿದಾಗಲೇ ನನಗೆ ನಮ್ಮ ಶಾಲೆಯ ಅಡುಗೆಯ ಅಕ್ಕಂದಿರ ನೆನಪಾಯಿತು. ರಜೆಯ ದಿನ ಮೂವರನ್ನೂ ಮನೆಗೆ ಕರೆದೆ, ಕೂಡಿ ನೋಡಿದೆವು.

ನಾನು ಹೆದರಿದ್ದೆ. ಹಿನ್ನೆಲೆ ಸಂಗೀತದ ಅಬ್ಬರವಿಲ್ಲ, ಕ್ಯಾಮೆರಾ ಅವಸರ ಮಾಡುವುದಿಲ್ಲ. ಆದರೆ ಶಿವಮ್ಮ ಮನೆಮನೆಗೆ ಹೋಗಿ ತನ್ನ ಪೇಯದ ಗುಣಗಾನ ಮಾಡತೊಡಗಿದಾಗ ಮೂವರಲ್ಲಿ ಹಿರಿಯಾಕೆ ಟಿವಿಯ ಕಡೆ ಕೈಮಾಡಿ “ಬ್ಯಾಡವ್ವಾ, ರೊಕ್ಕ ಹಾಕಬ್ಯಾಡ” ಎಂದು ಗಟ್ಟಿಯಾಗಿ ಅಂದಳು. ಆಮೇಲೆ ತಿಳಿಯಿತು, ಅವಳೂ ಹಿಂದೊಮ್ಮೆ ಇಂಥದೇ ಒಂದು ಸ್ಕೀಮಿಗೆ ಎರಡು ತಿಂಗಳ ಗೌರವಧನ ಹಾಕಿ ಕಳೆದುಕೊಂಡಿದ್ದಳು. ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಅವರು ಮಾತಾಡಿದ್ದು ಸಿನಿಮಾದ ಬಗ್ಗೆ ಅಲ್ಲ, ಶಿವಮ್ಮನ ಬಗ್ಗೆ: ಆಕೆ ಹಟಮಾರಿಯೋ, ದಡ್ಡಿಯೋ, ಬೇರೆ ದಾರಿಯಿಲ್ಲದವಳೋ ಎಂದು. ಮೂವರದೂ ಮೂರು ಮಾತು.

ನಮ್ಮ ಸಹೋದ್ಯೋಗಿಯೊಬ್ಬರು ಇದೇ ಚಿತ್ರವನ್ನು ನೋಡಿ “ಬಹಳ ನಿಧಾನ” ಎಂದಿದ್ದರು. ನೂರೈವತ್ತು ಮಕ್ಕಳಿಗೆ ಅನ್ನ ಬೇಯಿಸುವ ಕೈಗಳಿಗೆ ಅದು ನಿಧಾನವೆನ್ನಿಸಲೇ ಇಲ್ಲ. ಹಾಗಾಗಿ ಮೊದಲು ಮಾತಿನಲ್ಲಿಯೋ ಕೆಲಸದಲ್ಲಿಯೋ ನಿಮ್ಮ ಅವ್ವನವರಿಗೆ ಹತ್ತಿರವಿರುವ ಚಿತ್ರವನ್ನು ಆರಿಸಿ. ಮಲ್ಪೆಗೆ ಆಮೇಲೆ ಹೋದರಾಯಿತು.

ಧಾರವಾಡದಿಂದ, ಎಂ.ಎ. ವಿದ್ಯಾರ್ಥಿ

ಹಿರಿಯರೆಲ್ಲರಿಗೂ ವಂದಿಸಿ ಸ್ವಲ್ಪ ಭಿನ್ನಮತ ಹೇಳುತ್ತೇನೆ. ಚಿತ್ರ ತಿಳಿಯದಿದ್ದರೆ ತಪ್ಪು ಯಾವಾಗಲೂ ನೋಡುವವರದೇ ಎಂಬ ಧಾಟಿ ನನಗೆ ಒಪ್ಪಿಗೆಯಿಲ್ಲ. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರ ಸೆಪ್ಟೆಂಬರ್ ಮತ್ತು ನವೆಂಬರಿನಲ್ಲಿ ಎರಡು ಭಾಗವಾಗಿ ಬಂತು. ಮೊದಲ ಭಾಗಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು. ಮೊದಲನೆಯದರಲ್ಲಿ ನೀಲಿ ನನ್ನ ಅರಿವಿಗೇ ಬಾರದೆ ಮೈಗೆ ಹತ್ತಿತು. ಹೊರಗೆ ಬಂದಾಗ ಕಡಲು ನೋಡಿಬಂದಂತಿತ್ತು. ಎರಡನೆಯದರಲ್ಲಿ ನಾನು ಕೆಂಪನ್ನು ಹುಡುಕುತ್ತ ಕುಳಿತೆ, ಗೋಡೆ, ಬಟ್ಟೆ, ದೀಪ ಎಂದು ಎಣಿಸುತ್ತ ಹೋದೆ, ನಾಯಕ ಮನುವಿನ ಸಂಕಟ ಕೈತಪ್ಪಿತು. ಇದು ನಿರ್ದೇಶಕರ ಭಾರವೋ, ಮೊದಲೇ ಎಲ್ಲ ಓದಿಕೊಂಡು ಹೋದ ನನ್ನ ಭಾರವೋ ಎಂದು ಈಗಲೂ ನಿಶ್ಚಯವಾಗಿಲ್ಲ. ಅಂದಿನಿಂದ ಚಿತ್ರ ನೋಡುವ ಮೊದಲು ಏನನ್ನೂ ಓದುವುದನ್ನು ಬಿಟ್ಟಿದ್ದೇನೆ.

ಒಂದು ಸಣ್ಣ ಉಪಾಯ: ಮುಗಿದ ಕೂಡಲೇ “ಹೆಂಗಿತ್ತು?” ಎಂದು ಕೇಳಬೇಡಿ. ಹಾಗೆ ಕೇಳಿದರೆ ಚಲೋ ಇತ್ತು, ಇಲ್ಲ ಎಂಬ ಎರಡೇ ಉತ್ತರ ಬರುತ್ತವೆ. ಮರುದಿನ “ಯಾವುದು ನೆನಪೈತಿ?” ಎಂದು ಕೇಳಿ. ನಾನು ಒಂದು ನೋಟುಬುಕ್ಕಿನಲ್ಲಿ ಆ ರಾತ್ರಿಯ ಮಾತನ್ನು ಎಡಕ್ಕೂ ವಾರದ ನಂತರದ ಮಾತನ್ನು ಬಲಕ್ಕೂ ಬರೆದಿಡುತ್ತೇನೆ. ಎರಡೂ ಒಂದೇ ಆದದ್ದು ಕಡಿಮೆ.

ಗದಗದಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಋಣಿಯಾಗಿದ್ದೇನೆ. ಹಾವೇರಿಯ ಮೇಡಮ್ ಅವರ ಮಾತಿನಂತೆ ಕಳೆದ ರವಿವಾರ ‘ಶಿವಮ್ಮ’ ನೋಡಿದೆವು, ಮಧ್ಯಾಹ್ನ ಬಿಟ್ಟು ಸಂಜೆ, ಗಿರಮಿಟ್ ತಿಂದಾದ ಮೇಲೆ. ನಾನು ಕಥೆ ಹೇಳಲಿಲ್ಲ, ಪ್ರಶಸ್ತಿಯ ಮಾತನ್ನೂ ಎತ್ತಲಿಲ್ಲ. ಮರುದಿನ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಏನು ನೆನಪಿದೆಯೆಂದು ಕೇಳಿದರೆ, “ಆಕಿ ನಡಿಯೂದು” ಎಂದಳು, ಮತ್ತೇನೂ ಹೇಳಲಿಲ್ಲ. ಚಿಕ್ಕವ್ವ ಈ ಸಲವೂ ಶೇಂಗಾದ ಬುಟ್ಟಿಯನ್ನು ಪಕ್ಕದಲ್ಲಿಯೇ ಇಟ್ಟುಕೊಂಡು ಕುಳಿತಿದ್ದಳು. ಚಿತ್ರ ಮುಗಿದಾಗ ನೋಡಿದರೆ ಒಂದು ಹಿಡಿಯಷ್ಟೂ ಸುಲಿದಿರಲಿಲ್ಲ. ತಮ್ಮ ಮಾತ್ರ ನಡುವೆ ಎರಡು ಸಲ ಫೋನ್ ನೋಡಿದ, ಅವನಿಗೆ ಗುರುವಾರ ರಾತ್ರಿ ಬುಕಿಂಗ್ ನೋಡುವ ಕೆಲಸ ಹಚ್ಚಿದ್ದೇನೆ.

ಮುಂದಿನ ತಿಂಗಳಿಗೆ ‘ತಿಥಿ’ ಎಂದು ನಿಶ್ಚಯಿಸಿದ್ದೇವೆ. ಧಾರವಾಡದ ಸರ್, ಒಂದು ಸಂದೇಹ ಉಳಿದಿದೆ: ನಮ್ಮ ಪಕ್ಕದ ಮನೆಯ ಅಜ್ಜಾರಿಗೆ ಎಂಬತ್ತೆಂಟು ವರ್ಷ, ಚಿತ್ರದ ಹೆಸರನ್ನು ಅವರಿಗೆ ಹೇಗೆ ಹೇಳಿ ಕರೆಯಲಿ?