ಜೆಟ್ಟಿ ಹತ್ತಿರ ಬಂದರೆ ದೋಣಿ ಮಾತೇ ಕೇಳುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನದು 16 ಅಡಿಯ ಫೈಬರ್ ದೋಣಿ. ಹಿಂದೆ ಒಂದೇ ಔಟ್‌ಬೋರ್ಡ್ ಎಂಜಿನ್, ಸ್ಟೀರಿಂಗ್ ಇದೆ. ನಡುನೀರಿನಲ್ಲಿ ಚೆನ್ನಾಗಿಯೇ ಓಡಿಸುತ್ತೇನೆ, ಕಟ್ಟುವಾಗಲೇ ತೊಂದರೆ. ಜೆಟ್ಟಿ ಎರಡು ಮಾರು ದೂರ ಇರುವಾಗ ನ್ಯೂಟ್ರಲ್‌ಗೆ ಹಾಕುತ್ತೇನೆ. ಅಷ್ಟರಲ್ಲಿ ಗಾಳಿ ದೋಣಿಯ ಮೂತಿಯನ್ನು ಆಚೆ ತಳ್ಳಿಬಿಡುತ್ತದೆ. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಅಷ್ಟೇ. ನಿನ್ನೆ ಗಾಬರಿಯಲ್ಲಿ ಜೋರಾಗಿ ಥ್ರಾಟಲ್ ಕೊಟ್ಟೆ, ಮೂತಿ ಹೋಗಿ ಗೂಟಕ್ಕೆ ಬಡಿಯಿತು. ಜೊತೆಗಿದ್ದ ತಮ್ಮ ಕಾಲು ಚಾಚಿ ತಡೆಯಲು ಹೋದ. ಪುಣ್ಯಕ್ಕೆ ಏನೂ ಆಗಲಿಲ್ಲ.

ಉತ್ತರ: ಮೊದಲು ಆ ಕಾಲಿನ ವಿಷಯ. ಜನ, ಎಂಜಿನ್, ಪೆಟ್ರೋಲ್ ಎಲ್ಲ ಸೇರಿ ದೋಣಿ ನೂರಾರು ಕಿಲೋ ತೂಗುತ್ತದೆ. ನಡುವೆ ಕಾಲು ಸಿಕ್ಕಿದರೆ ಮೂಳೆ ಮುರಿಯುತ್ತದೆ. ಬಡಿದರೆ ಫೆಂಡರ್‌ಗೆ (ಪೆಟ್ಟು ತಡೆಯಲು ದೋಣಿಯ ಪಕ್ಕಕ್ಕೆ ನೇತುಹಾಕುವ ಮೆತ್ತೆ) ಬಡಿಯಲಿ. ತಮ್ಮನಿಗೆ ಇದನ್ನು ಇವತ್ತೇ ಹೇಳಿ.

ಇನ್ನು ಸ್ಟೀರಿಂಗ್. ನಿಮ್ಮ ದೋಣಿಗೆ ಬೇರೆ ಚುಕ್ಕಾಣಿ ಇಲ್ಲ ಅಲ್ವಾ? ಸ್ಟೀರಿಂಗ್ ತಿರುಗಿಸಿದರೆ ಎಂಜಿನ್ನೇ ತಿರುಗುತ್ತದೆ, ಅದರ ಪ್ರೊಪೆಲ್ಲರ್ ನೀರನ್ನು ತಳ್ಳುವುದೇ ಚುಕ್ಕಾಣಿ. ನ್ಯೂಟ್ರಲ್‌ನಲ್ಲಿ ಸ್ಟೀರಿಂಗ್ ಸುಮ್ನೆ ತಿರುಗುತ್ತದೆ, ದೋಣಿ ಹೆಚ್ಚುಕಡಿಮೆ ಗಾಳಿಯ ಪಾಲು. ಅದಕ್ಕೇ ಮೊದಲು ಸ್ಟೀರಿಂಗ್ ತಿರುಗಿಸಿ, ಆಮೇಲೆ ಒಂದೆರಡು ಸೆಕೆಂಡ್ ಗೇರ್, ಮತ್ತೆ ನ್ಯೂಟ್ರಲ್. ಐಡಲ್ (ಎಂಜಿನ್‌ನ ಅತಿ ಕಡಿಮೆ ವೇಗ) ಸಾಕು, ಥ್ರಾಟಲ್ ಬೇಡ.

ಗಾಳಿ, ನೀರಿನ ಸೆಳೆತ ಎರಡರಲ್ಲಿ ಯಾವುದು ಜೋರೋ ಅದಕ್ಕೆ ಎದುರಾಗಿ ಬನ್ನಿ. ಅದೇ ನಿಮ್ಮ ಬ್ರೇಕ್. 20–30 ಡಿಗ್ರಿ ಓರೆಯಾಗಿ ಬಂದು, ಮೂತಿ ಇನ್ನೇನು ತಾಗುತ್ತದೆ ಅನ್ನುವಾಗ ಸ್ಟೀರಿಂಗನ್ನು ಜೆಟ್ಟಿಯಿಂದ ಆಚೆ ತಿರುಗಿಸಿ ಚೂರು ಮುಂದಿನ ಗೇರ್ ಕೊಡಿ. ದೋಣಿ ಜೆಟ್ಟಿಗೆ ಸಮವಾಗಿ ತಿರುಗುತ್ತದೆ. ಕೂಡಲೇ ನ್ಯೂಟ್ರಲ್, ಸ್ಟೀರಿಂಗ್ ಪೂರ್ತಿ ಜೆಟ್ಟಿ ಕಡೆಗೆ, ಚಿಕ್ಕದೊಂದು ರಿವರ್ಸ್. ದೋಣಿ ನಿಲ್ಲುತ್ತದೆ, ಹಿಂಭಾಗವೂ ಜೆಟ್ಟಿ ಕಡೆ ಎಳೆದುಕೊಳ್ಳುತ್ತದೆ. ಇದು ಮೊದಲ ಸಲ ಸರಿಯಾಗಿ ಕೂತಾಗ ನನಗಾದ ಖುಷಿ ಇನ್ನೂ ನೆನಪಿದೆ.

ಪ್ರಶ್ನೆ: ಗಾಳಿ ಜೆಟ್ಟಿ ಕಡೆಯಿಂದಲೇ ಬೀಸಿದರೆ? ಹಗ್ಗ ಹಾಕುವಷ್ಟರಲ್ಲಿ ಮತ್ತೆ ದೂರ ಹೋಗುತ್ತದೆ.

ಉತ್ತರ: ಆಗ ಇನ್ನಷ್ಟು ಓರೆಯಾಗಿ ಬನ್ನಿ. ಮೊದಲ ಹಗ್ಗ ಮೂತಿಯದಲ್ಲ, ದೋಣಿಯ ನಡುವಿನ ಕ್ಲೀಟ್‌ನದು (ಹಗ್ಗ ಸುತ್ತಿ ಕಟ್ಟುವ ಕೊಂಬಿನಂಥ ಕೊಕ್ಕೆ). ಅದನ್ನು ಜೆಟ್ಟಿಯಲ್ಲಿ ದೋಣಿಯ ಹಿಂಭಾಗದ ಕಡೆಗಿರುವ ಗೂಟಕ್ಕೆ ಗಿಡ್ಡವಾಗಿ ಕಟ್ಟಿ. ಸ್ಟೀರಿಂಗ್ ಜೆಟ್ಟಿಯಿಂದ ಆಚೆ ತಿರುಗಿಸಿ, ಐಡಲ್‌ನಲ್ಲೇ ಮುಂದಿನ ಗೇರ್‌ನಲ್ಲಿಡಿ. ಹಗ್ಗ ಬಿಗಿಯಾಗಿ ದೋಣಿ ಜೆಟ್ಟಿಗೆ ಒರಗಿ ನಿಲ್ಲುತ್ತದೆ. ಉಳಿದ ಹಗ್ಗ ನಿಧಾನಕ್ಕೆ ಕಟ್ಟಬಹುದು. ಹಗ್ಗ, ಫೆಂಡರ್ ಎಲ್ಲ ದೂರದಲ್ಲಿರುವಾಗಲೇ ರೆಡಿ ಇರಲಿ. ಎಂಜಿನ್ ಪೂರ್ತಿ ನಿಲ್ಲಿಸುವವರೆಗೂ ಕಿಲ್ ಸ್ವಿಚ್ ದಾರ (ಎಳೆದರೆ ಎಂಜಿನ್ ತಕ್ಷಣ ನಿಲ್ಲುವ ದಾರ) ಕೈಗೆ ಕಟ್ಟಿಕೊಂಡೇ ಇರಲಿ. ಮೂತಿ ತಪ್ಪಿತು ಅನಿಸಿದರೆ ಹಟ ಬೇಡ. ರಿವರ್ಸ್ ಹಾಕಿ ಹಿಂದೆ ಬಂದು, ಇನ್ನೊಂದು ಸುತ್ತು ಹೊಡೆಯಿರಿ.