ಕಾರ್ಯಸ್ಮೃತಿಯ ಮೇಲೆ ಹೊರೆ ಇದ್ದಾಗ ಬಹುಮಾನದ ಸುಳಿವು ಹೆಚ್ಚು ಸೆಳೆಯುವುದೇಕೆ?

ಪ್ರಶ್ನೆ
ಹಿಂದೆ ಬಹುಮಾನದ ಜೊತೆಗೆ ಕಾಣಿಸಿಕೊಂಡ ಬಣ್ಣವೋ ಸದ್ದೋ, ಈಗ ಅದರಿಂದ ಲಾಭವಿಲ್ಲವೆಂದು ತಿಳಿದಿದ್ದರೂ ಗಮನವನ್ನು ತನ್ನತ್ತ ಎಳೆಯುತ್ತದೆ. ವರ್ಕಿಂಗ್ ಮೆಮೊರಿ, ಅಂದರೆ ಕೈಯಲ್ಲಿರುವ ಕೆಲಸಕ್ಕೆ ಬೇಕಾದುದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಹಿಡಿದಿಡುವ ಕಾರ್ಯಸ್ಮೃತಿ, ಬೇರೆ ಕೆಲಸದಲ್ಲಿ ತೊಡಗಿದ್ದಾಗ ಈ ಸೆಳೆತ ಇನ್ನಷ್ಟು ಹೆಚ್ಚುತ್ತದೆ ಎಂದು ಓದಿದ್ದೇನೆ. ಆಗ ಹೆಚ್ಚುವುದು ಸುಳಿವಿನ ಬಲವೇ, ಅಥವಾ ಕುಗ್ಗುವುದು ನಮ್ಮ ತಡೆಯುವ ಶಕ್ತಿಯೇ?

ಉತ್ತರ 1
ತಡೆಯುವ ಶಕ್ತಿ ಕುಗ್ಗುತ್ತದೆ ಎಂಬುದೇ ನನಗೆ ಒಪ್ಪಿಗೆಯಾಗುವ ವಿವರಣೆ. ಈ ಬಗೆಯ ಪ್ರಯೋಗಗಳಲ್ಲಿ ಪರದೆಯ ಮೇಲಿನ ಆಕೃತಿಗಳ ನಡುವೆ ಗುರಿಯನ್ನು ಮಾತ್ರ ನೋಡಬೇಕು. ಅಲ್ಲೇ ಇರುವ ಬಣ್ಣದ ವೃತ್ತವೊಂದು ಆ ಸುತ್ತಿನ ಬಹುಮಾನ ದೊಡ್ಡದೋ ಚಿಕ್ಕದೋ ಎಂಬುದನ್ನು ಸೂಚಿಸುತ್ತದೆ. ಕೆಲವು ಪ್ರಯೋಗಗಳಲ್ಲಂತೂ ವೃತ್ತದತ್ತ ಕಣ್ಣು ಹೊರಳಿದರೆ ಬಹುಮಾನವೇ ರದ್ದಾಗುತ್ತದೆ. ಆದರೂ ದೊಡ್ಡ ಬಹುಮಾನದ ಬಣ್ಣದತ್ತಲೇ ಕಣ್ಣು ಹೆಚ್ಚು ಜಾರುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೆನಪಿನ ಹೊರೆ ಹೆಚ್ಚಿದ್ದಾಗ ಈ ಜಾರುವಿಕೆಯೂ ಹೆಚ್ಚಾಯಿತು. ‘ಅತ್ತ ನೋಡಬಾರದು’ ಎಂಬ ಉದ್ದೇಶವನ್ನು ಜಾಗೃತವಾಗಿ ಹಿಡಿದಿಡುವುದೂ ಕಾರ್ಯಸ್ಮೃತಿಯ ಕೆಲಸವೇ ಅಲ್ಲವೇ? ಅದರ ಮಿತಿಯೋ, ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದಂತೆ, ಸುಮಾರು 4 ಅಂಶಗಳು. ಬೇರೆ ಕೆಲಸ ಆ ಜಾಗವನ್ನು ತುಂಬಿದರೆ ಉದ್ದೇಶದ ಹಿಡಿತ ಸಡಿಲವಾಗುತ್ತದೆ.

ಉತ್ತರ 2
ಈಗಾಗಲೇ ಕಲಿತ ಸುಳಿವಿನ ಮಟ್ಟಿಗೆ ಇದು ಸರಿ. ಕಲಿಯುವ ಹಂತದ ಕಥೆ ಬೇರೆ. ಕಲಿಕೆಯ ಸಂಶೋಧಕಿ ಆನ್ ಕಾಲಿನ್ಸ್ ಅವರ ಪ್ರಯೋಗಗಳಲ್ಲಿ ಯಾವ ಚಿತ್ರಕ್ಕೆ ಯಾವ ಗುಂಡಿ ಒತ್ತಬೇಕೆಂಬುದನ್ನು ಪ್ರತಿಫಲದ ಮೂಲಕ ಕಲಿಯಬೇಕಿತ್ತು. ಒಮ್ಮೆಗೆ 3 ಚಿತ್ರಗಳಿದ್ದಾಗ ಜನ ಬೇಗ ಕಲಿತರು, 6 ಇದ್ದಾಗ ನಿಧಾನವಾಗಿ. ಆದರೆ ನಂತರದ ಪರೀಕ್ಷೆಯಲ್ಲಿ ಚೆನ್ನಾಗಿ ಉಳಿದದ್ದು 6ರ ಗುಂಪಿನಲ್ಲಿ ಕಲಿತದ್ದೇ. ಫಲಿತಾಂಶವನ್ನು ಕಾರ್ಯಸ್ಮೃತಿಯೇ ಮೊದಲೇ ಊಹಿಸಿಬಿಟ್ಟರೆ ನಿರೀಕ್ಷೆಗೂ ಫಲಕ್ಕೂ ಅಂತರ ಉಳಿಯುವುದಿಲ್ಲ, ಡೋಪಮಿನ್ ಎಂಬ ಮಿದುಳಿನ ರಾಸಾಯನಿಕವನ್ನು ಆಧರಿಸಿದ ನಿಧಾನ ಕಲಿಕೆಗೆ ಬೇಕಾದ ಸಂಕೇತವೂ ಸಿಗುವುದಿಲ್ಲ ಎಂಬುದು ಅವರ ವಿವರಣೆ. ಹಾಗಾದರೆ ಹೊರೆಯ ನಡುವೆ ಕಲಿತ ಸುಳಿವಿನ ಮೌಲ್ಯವೇ ಗಟ್ಟಿಯಾಗಿ ಬೇರೂರಬಹುದು, ಮೊದಲ ಉತ್ತರ ಕೈಬಿಟ್ಟಿರುವುದು ಇದನ್ನೇ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಅಭ್ಯಾಸದಿಂದ ಕಾರ್ಯಸ್ಮೃತಿಯನ್ನು ಹಿಗ್ಗಿಸಿಕೊಂಡರೆ ಸೆಳೆತ ತಗ್ಗುತ್ತದೆಯೇ?

ಉತ್ತರ 1
ಅಷ್ಟು ಭರವಸೆ ಇಟ್ಟುಕೊಳ್ಳಬೇಡಿ. ದೃಶ್ಯ ಕಾರ್ಯಸ್ಮೃತಿಯ ಸಾಮರ್ಥ್ಯ ಕಡಿಮೆ ಇರುವವರನ್ನು ಬಹುಮಾನದ ಬಣ್ಣ ಹೆಚ್ಚು ಸೆಳೆಯುತ್ತದೆ ಎಂದು 2011ರ ಅಧ್ಯಯನವೊಂದು ತೋರಿಸಿತ್ತು ನಿಜ, ಆದರೆ ಅದು ವ್ಯಕ್ತಿಗಳ ನಡುವಿನ ವ್ಯತ್ಯಾಸವೇ ಹೊರತು ತರಬೇತಿಯ ಫಲವಲ್ಲ. ತರಬೇತಿ ಪಡೆದವರು ಅದೇ ಬಗೆಯ ಕೆಲಸಗಳಲ್ಲಿ ಸುಧಾರಿಸುತ್ತಾರೆ. ಆ ಲಾಭ ಬೇರೆ ಕೆಲಸಗಳಿಗೆ ದಾಟಿಬರುವುದು ತೀರಾ ಕಡಿಮೆ. ಏಕಾಗ್ರತೆ ಬೇಕಾದ ಹೊತ್ತಿನಲ್ಲಿ ಸುಳಿವನ್ನೇ ಕಣ್ಣಳತೆಯಿಂದ ದೂರವಿಡುವುದು ಇದಕ್ಕಿಂತ ಸುಲಭ.