ಸೀಟು ಒಂದೇ, ರೇಟು ಡಬಲ್

ದಾವಣಗೆರೆಯಲ್ಲಿ ಸಂಜೆ ಆರರ ಮೇಲೆ ಮಂಡಕ್ಕಿ ಇಲ್ಲದೆ ಯಾವ ತೀರ್ಮಾನವೂ ಆಗುವುದಿಲ್ಲ. ನಾಲ್ಕು ತಟ್ಟೆ ಖಾರ ಮಂಡಕ್ಕಿ, ಒಂದು ರಾಶಿ ಮಿರ್ಚಿ ಬಂದ ಮೇಲೆಯೇ ಹಾಲೇಶ ಮೊಬೈಲ್ ತೆಗೆದದ್ದು.

"ಹೊಸಾ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಅಣ್ಣ. ಬೆಂಗಳೂರಾಗೆ ಒಂದು ಅಂಗಡಿಯೋರು ಬಾಬರ್ ಮಾಡಿ ಇಟ್ಟಾರೆ, ಅಂದ್ರೆ ಮಡ್‌ಗಾರ್ಡ್ ಗಿಡ್ಡ, ಸೀಟು ಒಂದೇ, ಟೈರು ದಪ್ಪ. ಓಡಿರೋದು ಅರವತ್ತೇ ಕಿಲೋಮೀಟರ್. ನಾಲ್ಕು ಲಕ್ಷ ಹತ್ತು ಸಾವಿರ ಕೇಳ್ತಾರೆ."

ಗ್ಯಾರೇಜ್ ಮಂಜಣ್ಣ ಫೋಟೊ ಹಿಗ್ಗಿಸಿ ನೋಡಿದ. "ಇದ್ರಾಗೆ ಬೈಕ್ ಎಲ್ಲೈತಲೇ? ಬರೀ ಟೈರ್ ಕಾಣ್ತೈತೆ."

"ಅದೇ ಲುಕ್ಕು!"

"ಲುಕ್ಕಿಗೆ ಎಷ್ಟು, ಬೈಕಿಗೆ ಎಷ್ಟು, ಮೊದಲು ಅದನ್ನ ಬಿಡಿಸಪ" ಎಂದ ರುದ್ರಣ್ಣ. ಆರ್‌ಟಿಒ ಕೆಲಸ ಮಾಡಿಸಿಕೊಡುವ ಮನುಷ್ಯ, ಬಾಯಲ್ಲಿ ಮಿರ್ಚಿ ಇದ್ದರೂ ನಾಲಿಗೆ ಮೇಲೆ ಫಾರ್ಮ್ ನಂಬರು. "ಶೋರೂಂ ಬೆಲೆ ಎರಡು ಲಕ್ಷ ಅಂತ ಹಿಡಿ. ಲಕ್ಷ ಮೀರಿದ ಬೈಕಿಗೆ ನಮ್ಮಲ್ಲಿ ಲೈಫ್ ಟ್ಯಾಕ್ಸ್ ನೂರಕ್ಕೆ 18, ಅಲ್ಲಿಗೆ 36 ಸಾವಿರ. ಇನ್ಶೂರೆನ್ಸು, ರಿಜಿಸ್ಟ್ರೇಷನ್ನು, ನಂಬರ್ ಪ್ಲೇಟು ಸೇರಿ ಎರಡೂವರೆ ಹತ್ತಿರ. ಇನ್ನೊಂದು, 350 ಸಿಸಿ ಒಳಗಿನ ಗಾಡಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಇದ್ದದ್ದು 18 ಆಗೈತೆ. ಕ್ಲಾಸಿಕ್ 349 ಸಿಸಿ, ಒಂದು ಸಿಸಿಯಾಗೆ ಬಚಾವ್. ಅವರು ಹಳೇ ಬಿಲ್ ತೋರಿಸಿ ಹಳೇ ರೇಟ್ ಹೇಳಿದ್ರೆ ಒಪ್ಪಬ್ಯಾಡ."

"ಅಂದ್ರೆ ಉಳಿದ ಒಂದು ಲಕ್ಷ ಅರವತ್ತು ಸಾವಿರ ಲುಕ್ಕಿಗೆ" ಎಂದ ತಿಪ್ಪೇಶ. ದುರ್ಗದವನು, ಇನ್ಶೂರೆನ್ಸ್ ಸರ್ವೇಯರ್. ಗುದ್ದಿದ ಗಾಡಿ ನೋಡಿ ನೋಡಿ, ನಿಂತ ಗಾಡಿ ಕಂಡರೂ ಅದರಲ್ಲಿ ಕ್ಲೈಮೇ ಕಾಣುವ ಪ್ರಾಣಿ.

ಮಂಜಣ್ಣ ಬೆರಳು ಮಡಚತೊಡಗಿದ. "ಎರಡು ಅಗಲ ರಿಮ್ಮು, ಟೈರು, 35 ಸಾವಿರ ಅನ್ನು. ಪೇಂಟು 18. ಸಿಂಗಲ್ ಸೀಟು 6, ಹ್ಯಾಂಡಲ್ 4, ಸೈಲೆನ್ಸರ್ 12, ಲೈಟು ಇಂಡಿಕೇಟರು 7. ಮಡ್‌ಗಾರ್ಡ್ ಕತ್ತರಿಸಿ ವೆಲ್ಡಿಂಗ್ ಮಾಡಿದ್ದಕ್ಕೆ 8, ಕೂಲಿ 20. ಧಾರಾಳವಾಗಿ ಹಾಕಿದ್ರೂ ಒಂದು ಲಕ್ಷ ಹತ್ತು."

"ಇನ್ನೊಂದು ಐವತ್ತು?"

"ಡಿಸೈನ್ ಚಾರ್ಜು. ಅಂದ್ರೆ ಅವನ ಗಡ್ಡಕ್ಕೆ."

ಹಾಲೇಶ ಮುಖ ಸಣ್ಣ ಮಾಡಿದ. ಮಂಜಣ್ಣ ಬಿಡಲಿಲ್ಲ. "ಅದಿರ್ಲಿ, ಬಿಚ್ಚಿದ ಸಾಮಾನು ಎಲ್ಲಿ? ಹೊಸಾ ಬೈಕಿನ ಗಾಲಿ, ಸೈಲೆನ್ಸರು, ಎರಡು ಸೀಟು, ಮಡ್‌ಗಾರ್ಡು, ಎಲ್ಲಾ ಅರವತ್ತು ಕಿಲೋಮೀಟರ್ ಓಡಿದ ಮಾಲು. ಎರಡೂವರೆ ಲಕ್ಷದಾಗೆ ಅದಕ್ಕೂ ನೀನೇ ದುಡ್ಡು ಕೊಡ್ತಿದೀಯ. ಅವರು ಅದನ್ನ ಬೇರೆ ಕಡೆ ಮಾರಿಕೊಂಡ್ರೆ ಒಂದೇ ಬೈಕನ್ನ ಒಂದೂಕಾಲು ಸಲ ಮಾರಿದಂಗೆ. ಒರಿಜಿನಲ್ ಸಾಮಾನು ಒಂದು ಡಬ್ಬದಾಗೆ ಬರ್ಲಿಲ್ಲ ಅಂದ್ರೆ 30 ಸಾವಿರ ಕಡಿಮೆ ಮಾಡ್ಸು. ಅದಿಲ್ಲದೆ ನಾಳೆ ಸ್ಟಾಕ್‌ಗೆ ಅಂದ್ರೆ ಕಂಪನಿ ಕೊಟ್ಟಂಗೇ ತರೋಕೂ ಆಗಲ್ಲ."

"ಸ್ಟಾಕ್‌ಗೆ ಯಾಕೆ ತರ್ಬೇಕು?"

ರುದ್ರಣ್ಣ ಟೀ ಲೋಟ ಕೆಳಗಿಟ್ಟ. ಅವನ ಸರದಿ. "2019ರ ಜನವರಿಯಾಗೆ ಸುಪ್ರೀಂ ಕೋರ್ಟ್ ಹೇಳೈತೆ, ಕಂಪನಿ ಕೊಟ್ಟ ಸ್ಪೆಸಿಫಿಕೇಷನ್ ಬದಲಾಯಿಸಂಗಿಲ್ಲ ಅಂತ. ಬಣ್ಣ ಬದಲಾದ್ರೆ ಆರ್‌ಸಿಯಾಗೆ ಬರೆಸಿಕೊಂಡು ಬಚಾವಾಗಬಹುದು. ಉಳಿದದ್ದಕ್ಕೆ ಮೋಟಾರು ಕಾಯ್ದೆ 182ಎ ಐತೆ. ಮಾಲೀಕ ಮಾಡಿಸಿದ ಒಂದೊಂದು ಮಾರ್ಪಾಡಿಗೂ 5 ಸಾವಿರ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಬೇಕಂದ್ರೆ ಎರಡೂ. ಸೈಲೆನ್ಸರ್ ಒಂದು, ಗಾಲಿ ಎರಡು, ಹ್ಯಾಂಡಲ್ ಮೂರು… ಸೀರೆ ಗಾರ್ಡು, ಹಿಂದಿನೋರು ಹಿಡಕೊಳ್ಳೋ ಹಿಡಿಕೆ, ಕಾಲಿಡೋ ಜಾಗ, ಇವು ಮೋಟಾರು ನಿಯಮ 123ರ ಪ್ರಕಾರ ಇರಲೇಬೇಕು. ಈ ಫೋಟೊದಾಗೆ ಹಿಂದಿನೋರೇ ಇಲ್ಲ! ಇದು ಬೈಕಲ್ಲಪ, ಟ್ರಾಫಿಕ್‌ನೋರ ರಸೀದಿ ಪುಸ್ತಕ."

"ಆರ್‌ಸಿಯಾಗೆ ಎರಡು ಸೀಟು ಅಂತಿರತೈತೆ, ಬೈಕಿನಾಗೆ ಒಂದು" ಎಂದ ತಿಪ್ಪೇಶ. "ಗ್ಯಾಸ್ ಸಿಲಿಂಡರ್ ಎಲ್ಲಿ ಇಡ್ತಿ?"

"ಸಿಲಿಂಡರ್‌ಗೆ ನಮ್ಮಪ್ಪನ ಟಿವಿಎಸ್ ಐತೆ."

"ಸರಿ ಬಿಡು. ಆದ್ರೆ ಇದನ್ನ ಕೇಳು. 'ಹೊಸಾ ಬೈಕ್' ಅಂತಾರಲ್ಲ, ಆರ್‌ಸಿ ಯಾರ ಹೆಸರಾಗೈತೆ? ಅಂಗಡಿಯೋನ ಹೆಸರಾಗೆ ರಿಜಿಸ್ಟ್ರೇಷನ್ ಆಗಿದ್ರೆ ಅರವತ್ತು ಕಿಲೋಮೀಟರ್ ಓಡಿದ್ರೂ ಅದು ಸೆಕೆಂಡ್ ಹ್ಯಾಂಡು, ನೀನು ಎರಡನೇ ಮಾಲೀಕ."

"ಹೆಸರು ವರ್ಗಾವಣೆಗೆ ಫಾರ್ಮ್ 29, ಫಾರ್ಮ್ 30" ಎಂದು ರುದ್ರಣ್ಣ ಕಣ್ಣು ಮುಚ್ಚಿಯೇ ಹೇಳಿದ. "ಸಾಲದಾಗೆ ತಗೊಂಡಿದ್ರೆ ಫಾರ್ಮ್ 35, ಬ್ಯಾಂಕಿನ ಎನ್‌ಒಸಿ. ಚಾಸಿ ನಂಬರ್ ಪೆನ್ಸಿಲ್ ಪ್ರಿಂಟ್ ಎತ್ತಿ ಆರ್‌ಸಿಗೆ ಹೋಲಿಸು. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸುವಾಗ ಆ ನಂಬರ್ ಮೇಲೆ ಟೇಪ್ ಹಚ್ಚೋದನ್ನ ಮರೆತ್ರೆ, ದಪ್ಪ ಪದರ ಕೂತು ಅಕ್ಷರ ಮುಚ್ಚಿಹೋಗತೈತೆ. ಆಮೇಲೆ ಇನ್‌ಸ್ಪೆಕ್ಟರ್ ಮುಂದೆ ಅದನ್ನ ಕೆರೀತಾ ಕುಂತ್ಕೋಬೇಕು."

ಹಾಲೇಶ ಕೊನೆಯ ಅಸ್ತ್ರ ಬಿಟ್ಟ. "ಇನ್ಶೂರೆನ್ಸ್ ಫುಲ್ ಐತಂತೆ."

ತಿಪ್ಪೇಶ ನಕ್ಕಿದ್ದಕ್ಕೆ ಪಕ್ಕದ ಟೇಬಲ್‌ನವರೂ ತಿರುಗಿದರು. "ಐಡಿವಿ, ಅಂದ್ರೆ ಗಾಡಿ ಕಳುವಾದ್ರೆ ಇನ್ಶೂರೆನ್ಸ್‌ನೋರು ಕೊಡೋ ಮೊತ್ತ, ಅದನ್ನ ಲೆಕ್ಕ ಹಾಕೋದು ಬೈಕ್ ಕಂಪನಿ ಬೆಲೆ ಮೇಲೆ ತಮ್ಮಾ. ಎರಡು ಲಕ್ಷದ ಬೈಕಿಗೆ ಮೊದಲ ಆರು ತಿಂಗಳಾಗೆ ನೂರಕ್ಕೆ ಐದು ಕಳೆದ್ರೆ ಒಂದು ಲಕ್ಷ ತೊಂಬತ್ತು. ನಾಲ್ಕು ಲಕ್ಷ ಹತ್ತರ ಬೈಕ್ ಕಳುವಾದ್ರೆ ಬರೋದು ಅಷ್ಟೇ. ಹೆಚ್ಚಿಗೆ ಹಾಕಿದ ಸಾಮಾನು ಪಾಲಿಸಿಯಾಗೆ ಬರೆಸಿ ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಿರ್ಬೇಕು. ಕಟ್ಟಿದ್ರೂ ಗುದ್ದಿದ ಮೇಲೆ ಫೈಬರ್‌ಗೆ ನೂರಕ್ಕೆ 30, ರಬ್ಬರು ಪ್ಲಾಸ್ಟಿಕ್‌ಗೆ 50 ಸವಕಳಿ ಕಳೀತಾರೆ. ಬರೆಸದೆ ಮಾರ್ಪಾಡು ಮಾಡಿದ್ರೆ ನಮ್ಮಂಥೋರು ರಿಪೋರ್ಟಿನಾಗೆ ಏನು ಬರೀತೀವಿ ಅಂತ ನಿಂಗೆ ಗೊತ್ತು."

"ಏನು ಬರೀತೀರಿ?"

"ಅಕ್ಷರ ಚಂದ ಇರತೈತೆ."

ಇಲ್ಲಿಗೆ ಕಾಗದದ ಮಾತು ಮುಗಿದು, ಮಂಜಣ್ಣನ ಮುಖ ಅರಳಿತು. ಅವನಿಗೆ ಕಬ್ಬಿಣದ ವಿಷಯ ಬಂದರೆ ಮಂಡಕ್ಕಿ ಮೆತ್ತಗಾದರೂ ಚಿಂತೆಯಿಲ್ಲ.

"ಕಂಪನಿ ಟೈರು ಮುಂದೆ 100/90-19, ಹಿಂದೆ 120/80-18. ಇವರು ಹಾಕಿರೋದು?"

ಹಾಲೇಶ ಮೆಸೇಜ್ ಓದಿದ. "ಮುಂದೆ 130/90-16, ಹಿಂದೆ 150/80-16."

"ನೋಡು, ಹಿಂದಿನದರ ಎತ್ತರ ಬುದ್ಧಿವಂತಿಕೆಯಿಂದ ಆರಿಸ್ಯಾರೆ. ಮೊದಲು 649 ಮಿಲಿಮೀಟರ್, ಈಗ 646. ಮುಂದಿನದು 663ರಿಂದ 640ಕ್ಕೆ ಇಳಿದೈತೆ. ಬ್ರೇಕ್ ಹಿಡಿದಾಗ ಗಾಲಿ ಜಾಮ್ ಆಗದಂಗೆ ಕಾಯೋ ಎಬಿಎಸ್ ಎರಡೂ ಗಾಲಿಯ ವೇಗ ಹೋಲಿಸಿ ನೋಡತೈತೆ, ಈ ವ್ಯತ್ಯಾಸ ನೂರಕ್ಕೆ ಮೂರೂವರೆ. ಅದಕ್ಕಿಂತ ದೊಡ್ಡ ಕಿರಿಕಿರಿ ಹಬ್‌ನಾಗಿರೋ ಹಲ್ಲಿನ ಬಳೆ. ಅದಕ್ಕೂ ಸೆನ್ಸರ್‌ಗೂ ನಡುವೆ ಒಂದು ಮಿಲಿಮೀಟರ್ ಆಸುಪಾಸಿನ ಸಂದು ಇರ್ಬೇಕು. ಗಾಲಿ ಬದಲಾಯಿಸಿದಾಗ ಅದು ಸರಿ ಕೂರದಿದ್ರೆ ಎಬಿಎಸ್ ಲೈಟ್ ಆರೋದೇ ಇಲ್ಲ. ಗಾಡಿ ಹೊರಟ ಮೇಲೂ ಆ ಲೈಟ್ ಉರೀತಿದ್ರೆ ಅಲ್ಲೇ ಸ್ಟ್ಯಾಂಡ್ ಹಾಕಿ ಬಾ. ಬಲ್ಬ್ ಕಿತ್ತು ಹಾಕಿರೋರೂ ಇರ್ತಾರೆ, ಕೀ ಆನ್ ಮಾಡಿದಾಗ ಒಮ್ಮೆ ಹತ್ತುತ್ತಾ ನೋಡು."

"ಹಿಂದಿನ ಟೈರು?"

"ಅದು ಅಗಲದ ಕಥೆ. 120 ಇದ್ದದ್ದು 150 ಆದ್ರೆ ಒಂದೊಂದು ಮಗ್ಗುಲಿಗೂ 15 ಮಿಲಿಮೀಟರ್ ಹೆಚ್ಚು. ಚೈನಿಗೆ ತಾಗದಂಗೆ ಮಾಡೋಕೆ ಹಿಂದಿನ ಸ್ಪ್ರಾಕೆಟ್‌ಗೆ ಸ್ಪೇಸರ್ ಕೊಟ್ಟು ಹೊರಗೆ ತಳ್ತಾರೆ, ಮುಂದಿನ ಸ್ಪ್ರಾಕೆಟ್ ಮಾತ್ರ ಇದ್ದಲ್ಲೇ. ಚೈನು ಓರೆ ಎಳೀತದೆ, ಹಲ್ಲು ಒಂದೇ ಮಗ್ಗುಲಿಗೆ ತಿಂದ್ಕೊಂಡು ಮಿಂಚತೈತೆ. ಹಿಂದೆ ಕುಂತು ಚೈನ್ ಮೇಲಿಂದ ಒಂದೇ ಕಣ್ಣಾಗೆ ನೋಡು, ದಾರ ಹಿಡಿದಂಗೆ ನೆಟ್ಟಗಿರ್ಬೇಕು. ಆಮೇಲೆ ಮಡ್‌ಗಾರ್ಡ್ ಕೆಳಗೆ ಟಾರ್ಚ್ ಹಾಕು. ಫ್ರೇಮಿನ ಹಿಂಭಾಗ ಕತ್ತರಿಸಿ ಬೆಸುಗೆ ಹಾಕಿದ್ರೆ ಆ ಬೈಕು ನಂಗೆ ಎಷ್ಟು ಅಗ್ಗಕ್ಕೆ ಕೊಟ್ರೂ ಬ್ಯಾಡ. ಬೋಲ್ಟ್ ಹಾಕಿ ಕೂರಿಸಿದ್ರೆ ಮಾತಾಡೋಣ."

"ಸೈಲೆನ್ಸರ್ ಸೌಂಡು ಮಾತ್ರ…" ಹಾಲೇಶ ವಿಡಿಯೊ ಹಾಕಿದ. ಹೋಟೆಲಿನ ಬೆಕ್ಕು ಎದ್ದು ಹೋಯಿತು.

"ಕೇಳು, ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಅಂತ ಸಿಡೀತೈತಲ್ಲ? ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತಾರೆ, ಅದಕ್ಕೆ ತಕ್ಕಂಗೆ ಪೆಟ್ರೋಲ್ ಅಳತೆಯ ಮ್ಯಾಪ್ ಮುಟ್ಟಿಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಮ್ಮಿ ಆಗಿ ಬೆಂಡ್ ಪೈಪು ನೀಲಿ ತಿರುಗತೈತೆ. ಹೊಗೆ ಪರೀಕ್ಷೆಗೂ ತೊಂದರೆ."

ಹ್ಯಾಂಡಲ್ ಬಗ್ಗೆ ಅವನದು ಒಂದೇ ಪರೀಕ್ಷೆ. ಎಂಜಿನ್ ಐಡಲ್‌ನಲ್ಲಿಟ್ಟು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸು. ತಿರುಗಿಸಿದಾಗ ರೇಸ್ ಏರಿದರೆ ಕೇಬಲ್ ಉದ್ದ ಸಾಲದೆ ಎಳೆಯುತ್ತಿದೆ ಎಂದರ್ಥ. ಬ್ರೇಕಿನ ಹೋಸು ಬಿಗಿಯುತ್ತಿದೆಯೇ ಎಂದೂ ಅಲ್ಲೇ ನೋಡಬೇಕು. ವೈರಿಂಗಿಗೆ ಮೀಟರ್ ಹಿಡಿ. ಎಂಜಿನ್ ಚಾಲೂ ಇದ್ದು ಎಲ್ಲಾ ಲೈಟು ಹಾಕಿದಾಗ ಬ್ಯಾಟರಿ ಮೇಲೆ 13 ವೋಲ್ಟ್‌ಗಿಂತ ಕಡಿಮೆ ತೋರಿಸಬಾರದು. 40 ವ್ಯಾಟಿನ ಎರಡು ಲೈಟು ಸುಮಾರು ಆರೂಮುಕ್ಕಾಲು ಆಂಪಿಯರ್ ಎಳೆಯುತ್ತವೆ. ರಿಲೇ, 10 ಆಂಪಿಯರ್ ಫ್ಯೂಸು ಇಲ್ಲದೆ ಇನ್ಸುಲೇಷನ್ ಟೇಪ್ ಸುತ್ತಿ ಬಿಟ್ಟಿದ್ದರೆ ಸ್ವಿಚ್ಚೇ ಸುಡುತ್ತದೆ. ಇಂಡಿಕೇಟರ್ ಗಡಿಬಿಡಿಯಲ್ಲಿ ಮಿಟುಕಿದರೆ ಎಲ್‌ಇಡಿ ಹಾಕಿ ಫ್ಲಾಷರ್ ಬದಲಾಯಿಸಿಲ್ಲ. ಅದು ಚಿಲ್ಲರೆ ಕೆಲಸ, ಆದರೆ ಚಿಲ್ಲರೆ ಬಿಟ್ಟವನು ದೊಡ್ಡದನ್ನೂ ಬಿಟ್ಟಿರುತ್ತಾನೆ.

"ಹಂಗಾದ್ರೆ ಬಾಬರ್ ಆಸೆ ಬಿಟ್ಟೇಬಿಡ್ಲಾ?"

"ಯಾಕೆ ಬಿಡ್ತಿ? ಅದೇ ಕಂಪನಿ 2024ರ ನವೆಂಬರ್‌ನಾಗೆ ಗೋವನ್ ಕ್ಲಾಸಿಕ್ 350 ಅಂತ ಬಾಬರ್ ಬಿಟ್ಟೈತೆ. ಅದೇ 349 ಸಿಸಿ ಎಂಜಿನ್ನು, ಎತ್ತರದ ಹ್ಯಾಂಡಲ್ಲು, ಹಿಂದೆ 16 ಇಂಚಿನ ದಪ್ಪ ಟೈರು, ಕಡ್ಡಿ ಗಾಲಿಯಾದ್ರೂ ಟ್ಯೂಬ್‌ಲೆಸ್. ಬಂದಾಗ ಶೋರೂಂ ಬೆಲೆ 2.35 ಲಕ್ಷದಿಂದ ಶುರು. ಹಿಂದಿನ ಸೀಟು ಬೇಕಂದ್ರೆ ಇಟ್ಕೊ, ಬ್ಯಾಡಂದ್ರೆ ಬಿಚ್ಚು. ವಾರಂಟಿ, ಆರ್‌ಸಿ, ಇನ್ಶೂರೆನ್ಸು ಒಂದಕ್ಕೂ ತಕರಾರಿಲ್ಲ."

"ಆದ್ರೆ ಅದು ಎಲ್ಲಾರ ಹತ್ರಾನೂ ಇರತೈತೆ" ಎಂದ ಹಾಲೇಶ. ಇದು ನ್ಯಾಯವಾದ ಮಾತು, ಯಾರೂ ಅಲ್ಲಗಳೆಯಲಿಲ್ಲ.

"ಹಂಗಾದ್ರೆ ಹಿಂಗೆ ಕೇಳು" ಎಂದ ಮಂಜಣ್ಣ. "ಮಾರೋ ದಿನ ಮಾಡಿಸಿದ ಕೆಲಸಕ್ಕೆ ಅರ್ಧವೂ ಬರಲ್ಲ, ಕೊಳ್ಳೋ ದಿನವೇ ಅರ್ಧ ಹಿಡಿ. ಎರಡೂವರೆ, ಮೇಲೆ ಐವತ್ತೈದು. ಬಿಚ್ಚಿದ ಸಾಮಾನು ಪೂರ್ತಿ ಕೊಟ್ರೆ ಮೂರು ಲಕ್ಷ ಐದು ಸಾವಿರ. ಕೊಡ್ಲಿಲ್ಲ ಅಂದ್ರೆ ಎರಡು ಎಪ್ಪತ್ತೈದು. ಫ್ರೇಮ್ ಕತ್ತರಿಸಿದ್ರೆ ನಮಸ್ಕಾರ."

ಹಾಲೇಶ ಅಲ್ಲೇ ಮೆಸೇಜ್ ಹಾಕಿದ. ಒರಿಜಿನಲ್ ಸಾಮಾನು, ಬಿಡಿಬಿಡಿ ಬಿಲ್ಲು, ಆರ್‌ಸಿಯ ಫೋಟೊ, ಮಡ್‌ಗಾರ್ಡ್ ಕೆಳಗಿನ ಫೋಟೊ, ನಾಲ್ಕನ್ನೂ ಕೇಳಿದ. ಎರಡನೇ ರೌಂಡ್ ಟೀ ಬರುವಷ್ಟರಲ್ಲಿ ಉತ್ತರ ಬಂತು. ನಾಲ್ವರೂ ಮೊಬೈಲ್ ಮೇಲೆ ಬಗ್ಗಿದರು.

"ಸರ್, ಇದು ಗಾಡಿ ಅಲ್ಲ ಸರ್, ಆರ್ಟ್."

ತಿಪ್ಪೇಶ ಕೈ ಒರೆಸಿಕೊಂಡ. "ಆರ್ಟ್‌ಗೆ ಐಡಿವಿ ಎಷ್ಟು ಅಂತ ಕೇಳು."